ನಾನು ಬಣ್ಣ ಅಲ್ಲ ಸ್ವಾಮಿ, ಲೆಕ್ಕ!

ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋ. ರಾತ್ರಿ ಹನ್ನೊಂದು. ಜಂಬಿಟ್ಟಿಗೆ ಗೋಡೆಯ ದೃಶ್ಯವೊಂದು ನಿಧಾನವಾಗಿ ರೆಂಡರ್ ಆಗುತ್ತಿತ್ತು. ಆ ಗೋಡೆಯ ಉಬ್ಬುತಗ್ಗಿನ ಹೊಣೆ ಹೊತ್ತ ನಾರ್ಮಲ್ ಮ್ಯಾಪ್ ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕರು. ನೇರಳೆ ಬೆರೆತ ನೀಲಿ ಮೈ, ಮೈತುಂಬ ಸಿಡುಬಿನ ಕಲೆಯಂಥ ಗುಂಡಿಗಳು.

ಪ್ರಶ್ನೆ: ಎಂಥ ಚೆಂದದ ಬಣ್ಣ ಸಾರ್ ನಿಮ್ಮದು!

ಮ್ಯಾಪ್: ಶುರುವಿನಲ್ಲೇ ಅವಮಾನ ಮಾಡಿದಿರಿ. ನಾನು ಬಣ್ಣ ಅಲ್ಲ. ಕೆಂಪು, ಹಸಿರು, ನೀಲಿ ಅಂತ ಮೂರು ಮನೆ ಇವೆಯಲ್ಲ, ಅವುಗಳಲ್ಲಿ ನಾನಿಟ್ಟಿರುವುದು ದಿಕ್ಕು. ಕಲ್ಲಿನ ಯಾವ ಚೂರು ಎತ್ತ ಮುಖ ಮಾಡಿದೆ ಅನ್ನುವ ಲೆಕ್ಕ. 128, 128, 255 ಅಂದರೆ ನೆಟ್ಟಗೆ ಎದುರಿಗೆ. ಅದನ್ನು ಪರದೆಗೆ ಹಾಕಿದರೆ ನೀಲಿ ಕಾಣುತ್ತೆ, ನಾನೇನು ಮಾಡಲಿ?

ಪ್ರಶ್ನೆ: ಮತ್ತೆ ಈ ಬೇಸರ ಯಾಕೆ?

ಮ್ಯಾಪ್: ನನ್ನನ್ನು ಲೋಡ್ ಮಾಡಿದ ಹುಡುಗ ಕಲರ್ ಸ್ಪೇಸ್ ಅನ್ನುವ ಕಡೆ ಎಸ್‌ಆರ್‌ಜಿಬಿ ಅಂತಲೇ ಬಿಟ್ಟಿದ್ದಾನೆ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಮಾಮೂಲಿ ಪಿಎನ್‌ಜಿ ತೆರೆದರೆ ತಾನಾಗಿ ಬರುವುದೇ ಅದು. ‘ನಾನ್-ಕಲರ್’ ಮಾಡಲು ಎರಡು ಕ್ಲಿಕ್ ಸಾಕಿತ್ತು.

ಪ್ರಶ್ನೆ: ಎಸ್‌ಆರ್‌ಜಿಬಿ ಒಳ್ಳೆಯ ಮನೆತನವಲ್ಲವೆ?

ಮ್ಯಾಪ್: ಮನೆತನಕ್ಕೇನೂ ಕೊರತೆಯಿಲ್ಲ. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟದ್ದು, 1999ರಲ್ಲಿ ಐಇಸಿ ಅನ್ನುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮುದ್ರೆ ಬಿದ್ದದ್ದು. ನಿಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತೆ, ಬೆಳಕಿನಲ್ಲಿ ಅಷ್ಟು ಗಮನಿಸಲ್ಲ. ಅದಕ್ಕೇ ಇರುವ 256 ಮೆಟ್ಟಿಲಲ್ಲಿ ಕತ್ತಲಿನ ಪಾಲಿಗೆ ಹೆಚ್ಚು ಕೊಟ್ಟರು. ಹಾಗಾಗಿ 128 ಅಂದರೆ ಅರ್ಧ ಬೆಳಕಲ್ಲ, ಶೇಕಡಾ 22 ಮಾತ್ರ. ಅರ್ಧ ಬೇಕಾದರೆ 188ರ ತನಕ ಹತ್ತಬೇಕು. ರೆಂಡರರ್‌ಗೆ ಈ ಓರೆ ಲೆಕ್ಕ ಆಗಿಬರಲ್ಲ; ಎರಡು ದೀಪಕ್ಕೆ ಎರಡರಷ್ಟು ಬೆಳಕು ಅನ್ನುವುದು ಅದರ ಗಣಿತ. ಬಣ್ಣದ ಚಿತ್ರ ಬಂದರೆ ಮೊದಲು ಓರೆ ತೆಗೆದು ನೇರ ಮಾಡಿಕೊಳ್ಳುತ್ತೆ. ಅದು ಸರಿಯೇ.

ಪ್ರಶ್ನೆ: ನಿಮಗೂ ಹಾಗೇ ಮಾಡಿದರೆ ಏನೀಗ?

ಮ್ಯಾಪ್: ನಿಮ್ಮ ಫೋನ್ ನಂಬರಿಗೆ ಶೇಕಡಾ 18 ಜಿಎಸ್‌ಟಿ ಸೇರಿಸಿ ಡಯಲ್ ಮಾಡಿದರೆ ಕರೆ ಯಾರ ಮನೆಗೆ ಹೋಗುತ್ತೆ? ನಾನು ಮೊದಲೇ ನೆಟ್ಟಗಿದ್ದೇನೆ, ನನ್ನಲ್ಲಿ ತೆಗೆಯಲು ಓರೆ ಎಲ್ಲಿದೆ? ನನ್ನ ಲೆಕ್ಕದಲ್ಲಿ 128 ಅಂದರೆ ಹೆಚ್ಚುಕಡಿಮೆ ಸೊನ್ನೆ; ಈಗ ಆ ಜಾಗದಲ್ಲಿ ಮೈನಸ್ 0.57 ಬಂದು ಕೂತಿದೆ. ಗೋಡೆ ಇದ್ದಲ್ಲೇ ಇದೆ. ಬೆಳಕಿನ ಪಾಲಿಗೆ ಮಾತ್ರ ಅದು ಎಡಕ್ಕೆ, ಕೆಳಕ್ಕೆ ಸುಮಾರು 39 ಡಿಗ್ರಿ ಮುಖ ತಿರುಗಿಸಿ ಮುನಿಸಿಕೊಂಡಿದೆ.

ಪ್ರಶ್ನೆ: ಮನೆಯವರೆಲ್ಲ ಕ್ಷೇಮವೆ?

ಮ್ಯಾಪ್: ತಮ್ಮ ರಫ್‌ನೆಸ್ ಮ್ಯಾಪ್‌ನದೂ ಇದೇ ಪಾಡು. ಅವನ ಅರ್ಧ ಒರಟುತನ 0.22ಕ್ಕೆ ಇಳಿದು, ಒಣ ಜಂಬಿಟ್ಟಿಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡ ಹಾಗೆ ಮಿಂಚುತ್ತಿದೆ. ಅಕ್ಕ ಬೇಸ್ ಕಲರ್ ಒಬ್ಬಳೇ ಸುಖಿ. ಅವಳು ನಿಜವಾದ ಬಣ್ಣ, ಎಸ್‌ಆರ್‌ಜಿಬಿ ಅವಳಿಗೆ ಒಪ್ಪುತ್ತೆ. ಹೋದ ವಾರ ಹುಡುಗ ಎಲ್ಲರಿಗೂ ಒಟ್ಟಿಗೆ ನಾನ್-ಕಲರ್ ಹಾಕಿದ್ದ. ಆಗ ಅವಳು, ವರ್ಷವಿಡೀ ಬಿಸಿಲಿಗೆ ಹಾಕಿದ ಸೀರೆಯಂತೆ ಬಿಳಿಚಿಕೊಂಡಿದ್ದಳು.

ಪ್ರಶ್ನೆ: ಎರರ್ ಬರಲಿಲ್ಲವೆ?

ಮ್ಯಾಪ್: ಅದೇ ಗೋಳು. ಫೈಲ್ ಕಾಣೆಯಾದರೆ ಬ್ಲೆಂಡರ್ ಗೋಡೆಗೆಲ್ಲ ಗುಲಾಬಿ ಬಳಿದು ಬೊಬ್ಬೆ ಹಾಕುತ್ತೆ. ಲೇಬಲ್ ತಪ್ಪಿದರೆ ತುಟಿ ಬಿಚ್ಚಲ್ಲ. ಚಿತ್ರ ಬರುತ್ತೆ, ಸ್ವಲ್ಪ ಸೊಟ್ಟ. ಸೊಟ್ಟ ಕಂಡವರು ಬೈಯುವುದು ದೀಪವನ್ನು. ಗೋಡೆ ಕಪ್ಪಾಯಿತೆಂದು ಹುಡುಗ ಎಡಗಡೆ ಕೆಳಗೊಂದು ದೀಪ ಇಟ್ಟ, ಸಾಲದೆಂದು ಇನ್ನೊಂದು. ಮೂರನೆಯದನ್ನು ನಾಳೆ ಇಡುತ್ತಾನಂತೆ.

ಪ್ರಶ್ನೆ: ಇದಕ್ಕೊಂದು ಕಾನೂನು ಬೇಡವೆ?

ಮ್ಯಾಪ್: ಇದೆಯಲ್ಲ! 3ಡಿ ಮಾದರಿಗಳನ್ನು ಸಾಗಿಸುವ ಜಿಎಲ್‌ಟಿಎಫ್ 2.0 ಕಡತದಲ್ಲಿ ಬೇಸ್ ಕಲರ್ ಎಸ್‌ಆರ್‌ಜಿಬಿ, ನಾರ್ಮಲ್ ನೇರ ಅಂತ ಮೊದಲೇ ಗೊತ್ತುಮಾಡಿದ್ದಾರೆ, ಯಾರೂ ಕೇಳುವಂತಿಲ್ಲ. ಬಣ್ಣದ ಲೆಕ್ಕ ನೋಡಿಕೊಳ್ಳುವ ಓಪನ್‌ಕಲರ್‌ಐಓದಲ್ಲಿ ಫೈಲಿನ ಹೆಸರು ನೋಡಿ ಲೇಬಲ್ ಹಚ್ಚುವ ನಿಯಮ ಬರೆದಿಡಬಹುದು. ಆದರೆ ನನ್ನ ಹೆಸರು ನೋಡಿ: ‘ಗೋಡೆ_ಫೈನಲ್_ಫೈನಲ್_2’. ಇದರಲ್ಲಿ ನನ್ನ ಕುಲಗೋತ್ರ ಯಾರಿಗೆ ಗೊತ್ತಾಗಬೇಕು?

ಅಷ್ಟರಲ್ಲಿ ಹುಡುಗನಿಗೆ ಏನೋ ಹೊಳೆಯಿತು. ನಾನ್-ಕಲರ್ ಒತ್ತಿದ, ಹೆಚ್ಚಿನ ಎರಡು ದೀಪ ಆರಿಸಿದ. ಗೋಡೆ ನೆಟ್ಟಗಾಯಿತು, ಗುಂಡಿಗುಂಡಿಯಲ್ಲೂ ನೆರಳು ಸರಿಯಾಗಿ ಕೂತಿತು. ಮ್ಯಾಪ್ ಮೊದಲ ಸಲ ನಕ್ಕರು.

ಬೆಳಗ್ಗೆ ನಿರ್ದೇಶಕರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ‘ಹಳೆಯದರಲ್ಲಿ ಒಂದು ಮೂಡ್ ಇತ್ತು ಕಣಯ್ಯ. ಕ್ಲೈಂಟ್ ಬೇರೆ ಓಕೆ ಅಂದಾಗಿದೆ. ಅದನ್ನೇ ಇಡು.’

ಹುಡುಗ ಮಾತಾಡದೆ ಮತ್ತೆ ಎಸ್‌ಆರ್‌ಜಿಬಿ ಒತ್ತಿದ. ಕೊನೆಯದೊಂದು ಪ್ರಶ್ನೆ ಕೇಳೋಣವೆಂದು ತಿರುಗಿದೆ. ಮ್ಯಾಪ್ 39 ಡಿಗ್ರಿ ಆ ಕಡೆ ಮುಖ ಮಾಡಿ ಕೂತಿದ್ದರು.