ಟ್ಯಾಂಕಿನೊಳಗೆ ಕಲೆ

ಹೊಸ ಗ್ಯಾಲರಿಯ ಗುಂಪು ಪ್ರದರ್ಶನದಲ್ಲಿ ಜನ ಮೊದಲು ನೋಡುವುದು ಕಟ್ಟಡವನ್ನು. ಕಲೆಯ ಸರದಿ ಆಮೇಲೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ‘ಮ್ಯಾಪ್’, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಇದಕ್ಕೆ ಸಾಕ್ಷಿ. ಅದರ ಹೊರಮೈಗೆ ಹಳೆಯ ಉಕ್ಕಿನ ನೀರಿನ ಟ್ಯಾಂಕುಗಳೇ ಪ್ರೇರಣೆ. 1890ರ ದಶಕದಲ್ಲೇ ಬೆಂಗಳೂರಿಗೆ ಕೆರೆಯ ನೀರು ಹರಿಸಿದ ಹೆಸರಘಟ್ಟದವರು ಇದನ್ನು ಕಂಡು ‘ವಾಲ್ವ್ ಎಲ್ಲಿದೆ?’ ಎಂದು ಕೇಳಿದರೆ ತಪ್ಪೇನಿಲ್ಲ.

ಹೆಸರಘಟ್ಟಕ್ಕೆ ಕಲೆ ಹೊಸದಲ್ಲ. 1990ರಲ್ಲಿ ಪ್ರೋತಿಮಾ ಬೇಡಿ ಕಟ್ಟಿದ ನೃತ್ಯಗ್ರಾಮ ಅಲ್ಲೇ ಇದೆ. ಆದರೆ ನೃತ್ಯದಲ್ಲಿ ಒಂದು ಅನುಕೂಲವುಂಟು: ಚಪ್ಪಾಳೆ ಬಿದ್ದರೆ ಮುಗಿಯಿತೆಂದು ತಿಳಿಯುತ್ತದೆ. ಇನ್‌ಸ್ಟಲೇಶನ್ ಮುಂದೆ ನಿಂತವರಿಗೆ ಆ ಭಾಗ್ಯವಿಲ್ಲ; ಪಕ್ಕದವರು ಹೊರಡುವವರೆಗೆ ಗಲ್ಲಕ್ಕೆ ಕೈಯಿಟ್ಟು ನಿಲ್ಲಬೇಕು.

ಮ್ಯಾಪ್‌ನ ಆರಂಭದ ಪ್ರದರ್ಶನಗಳಲ್ಲಿ ‘ವಿಸಿಬಲ್/ಇನ್‌ವಿಸಿಬಲ್’ ಒಂದು. ಕಲೆಯಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಿದ್ದಾರೆ ಎಂಬುದು ಅದರ ವಸ್ತು. ಇಂಥ ಪ್ರದರ್ಶನಗಳಲ್ಲಿ ಹಲವು ಕಲಾವಿದರನ್ನು ಒಂದೇ ದಾರಕ್ಕೆ ಪೋಣಿಸುವವರು ಕ್ಯುರೇಟರ್. ದಾರ ಕಾಣದವರಿಗಾಗಿ ಗೋಡೆಯ ಮೇಲೆ ಬರಹವಿರುತ್ತದೆ. ಅದನ್ನು ಓದಿದ ಮೇಲೆ ಕೆಲವರಿಗೆ ಚಿತ್ರವೂ ಕಾಣುವುದಿಲ್ಲ. ‘ಶೀರ್ಷಿಕೆಯಿಲ್ಲ, ಮಿಶ್ರ ಮಾಧ್ಯಮ’ ಎಂಬ ಚೀಟಿಯಂತೂ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲೆಂದೇ ಹುಟ್ಟಿದ್ದು. ದಿನವಿಡೀ ಚಿತ್ರಗಳ ನಡುವೆ ನಿಲ್ಲುವ ಸೆಕ್ಯೂರಿಟಿಯವರನ್ನು ಮಾತ್ರ ಯಾರೂ ಅಭಿಪ್ರಾಯ ಕೇಳುವುದಿಲ್ಲ.

ಮಾರಾಟದ ಗ್ಯಾಲರಿಯಾದರೆ ‘ಮಾರಾಟವಾಗಿದೆ’ ಎನ್ನುವ ಕೆಂಪು ಚುಕ್ಕೆ ಬಿದ್ದ ಚಿತ್ರದ ಮುಂದೆ ಗೌರವ ತಾನಾಗಿ ಹೆಚ್ಚುತ್ತದೆ. ಮ್ಯೂಸಿಯಂನಲ್ಲಿ ಚುಕ್ಕೆಯೂ ಇಲ್ಲ, ದರಪಟ್ಟಿಯೂ ಇಲ್ಲ. ಹಾಗಾಗಿ ‘ಎಷ್ಟಂತೆ?’ ಎಂಬ ಬೆಂಗಳೂರಿನ ಮೂಲಭೂತ ಪ್ರಶ್ನೆಯನ್ನು ಪಾರ್ಕಿಂಗ್ ಶುಲ್ಕದ ಬಗ್ಗೆ ಕೇಳಿ ತೃಪ್ತಿಪಡಬೇಕು.