ಶ್ರೀಮಾನ್ ಸಾಮಾನ್ಯ ವಿವೇಚನೆಯವರಿಗೆ ನಾಯಂಡಹಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಾಮಾನ್ಯ ವಿವೇಚನೆಯವರೇ,

ಇತ್ತ ನಾವೆಲ್ಲ ಕ್ಷೇಮ. ನಮ್ಮ ಆಧಾರ್ ಜೆರಾಕ್ಸುಗಳು ಯಾರ್ಯಾರ ಬೀರುವಿನಲ್ಲಿ, ಯಾರ್ಯಾರ ವಾಟ್ಸ್‌ಆ್ಯಪ್‌ನಲ್ಲಿ ಇವೆಯೋ ತಿಳಿಯದು. ಅವೂ ಕ್ಷೇಮವೆಂದು ನಂಬಿದ್ದೇವೆ.

ತಮ್ಮ ಹೆಸರು ನಮ್ಮ ಕಿವಿಗೆ ಬಿದ್ದದ್ದು 2022ರ ಮೇ ತಿಂಗಳಲ್ಲಿ. 27ನೇ ತಾರೀಕು ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ದುರ್ಬಳಕೆ ಆದೀತು. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಎಂದಿತು. ಇಷ್ಟು ಬಿಡಿಸಿ ಹೇಳಿದರೆ ಜನ ನಂಬಿಬಿಟ್ಟಾರು ಎಂಬ ಭಯವಾಯಿತೋ ಏನೋ, 29ರಂದು ಆ ಪ್ರಕಟಣೆಯನ್ನೇ ವಾಪಸು ಪಡೆದರು. ತಪ್ಪು ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆಯಂತೆ. ಸಾಮಾನ್ಯ ವಿವೇಚನೆ ಬಳಸಿದರೆ ಸಾಕಂತೆ. ಹೀಗೆ ನಮ್ಮ ಹನ್ನೆರಡು ಅಂಕಿಯ ಕಾವಲಿಗೆ ತಮ್ಮನ್ನು ನೇಮಿಸಿ ಎಲ್ಲರೂ ಕೈತೊಳೆದುಕೊಂಡರು.

ಅಂದಿನಿಂದ ತಮ್ಮನ್ನು ಹುಡುಕುತ್ತಿದ್ದೇವೆ. ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ನಮ್ಮ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೀರೇನೋ ಎಂದು ಮೊದಲು ಅಂದುಕೊಂಡೆವು. ಆಮೇಲೆ ಜೆರಾಕ್ಸ್ ಅಂಗಡಿಗೆ ಹೋದೆವು. ಅಲ್ಲೀಗ ಮೂಲಪ್ರತಿ ಕೊಡುವ ಕಾಲ ಹೋಗಿದೆ. ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸ್‌ಆ್ಯಪ್ ಮಾಡಬೇಕು. ಕಂಪ್ಯೂಟರಿನ ಪರದೆ ಗಿರಾಕಿಗಳ ಕಡೆಗೇ ತಿರುಗಿರುತ್ತದೆ. ನಮ್ಮದು ಸಿಗುವ ಮುಂಚೆ ಯಾರದೋ ಪಾಸ್‌ಬುಕ್ಕು, ಯಾರದೋ ಪ್ಯಾನ್ ಕಾರ್ಡು, ಇನ್ಯಾರದೋ ಬಾಡಿಗೆ ಕರಾರು ಸಾಲಾಗಿ ದರ್ಶನ ಕೊಡುತ್ತವೆ. ಕಪ್ಪಾಗಿ ಬಂದ ಪ್ರತಿ ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಬೀಳುತ್ತದೆ. ಮುಂದಿನ ಗಿರಾಕಿಯ ಲೆಕ್ಕ ಬರೆಯುವುದು ಅದರ ಬೆನ್ನಿನ ಮೇಲೆ: ನಾಲ್ಕು ಜೆರಾಕ್ಸು, ಒಂದು ಲ್ಯಾಮಿನೇಷನ್. ಚೀಟಿ ತಿರುಗಿಸಿದರೆ ಒಂದು ಮುಖ, ಹುಟ್ಟಿದ ತಾರೀಕು, ಮನೆ ವಿಳಾಸ. ಅಲ್ಲಿ ತಾವಿರಲಿಲ್ಲ.

ಅಂಗಡಿಯವರನ್ನು ಬೈಯುವ ಹಾಗೂ ಇಲ್ಲ, ಅವರು ಕಾಗದ ಉಳಿಸುತ್ತಿದ್ದಾರೆ. ಪೀಜಿ ಆಂಟಿಯನ್ನು ಕೇಳಿದರೆ, ‘ಪೊಲೀಸ್ನೋರು ಕೇಳ್ತಾರೆ ಕಣಪ್ಪ, ಕೊಟ್ಬಿಡು’ ಅನ್ನುತ್ತಾರೆ. ಹುಡುಗ ಓದು ಮುಗಿಸಿ, ಕೆಲಸ ಹಿಡಿದು, ಊರು ಬಿಟ್ಟು ಹೋದ ಮೇಲೂ ಅವನ ಆಧಾರ್ ಪ್ರತಿ ಮಾತ್ರ ಆ ಫೈಲಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುತ್ತದೆ. ಸಿಮ್ ಮಾರುವವರು ‘ಬೆರಳು ಸರಿಯಾಗಿ ಬೀಳ್ಲಿಲ್ಲ, ಇನ್ನೊಂದ್ಸಲ ಇಡಿ ಸಾರ್’ ಅನ್ನುತ್ತಾರೆ. ಆ ಇನ್ನೊಂದು ಸಲಕ್ಕೆ ಇನ್ನೊಂದು ಸಿಮ್ ಹುಟ್ಟಿದ ಪ್ರಕರಣಗಳು ಈ ದೇಶದಲ್ಲಿ ನಡೆದಿವೆ.

ಇವರೆಲ್ಲ ಸಣ್ಣವರು, ದೊಡ್ಡವರ ಮನೆಯಲ್ಲಾದರೂ ಇದ್ದೀರೇನೋ ಎಂದು ಆಸ್ತಿ ನೋಂದಣಿಯ ಕಡೆ ನೋಡಿದೆವು. 2023ರಲ್ಲಿ ಮಂಗಳೂರಿನಲ್ಲಿ ಜಮೀನು, ಮನೆ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಹಣ ಹೋದದ್ದು ಹಳ್ಳಿಯ ಜನ ಬ್ಯಾಂಕಿಗೆ ಅಲೆಯದೆ ಹಣ ತೆಗೆಯಲೆಂದು ಮಾಡಿದ ಎಇಪಿಎಸ್ ಎಂಬ ದಾರಿಯಲ್ಲಿ. ಅದಕ್ಕೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು, ಒಟಿಪಿ ಬೇಡ. ಇದರಲ್ಲಿ ಎರಡನ್ನು ಕ್ರಯಪತ್ರವೇ ಒದಗಿಸುತ್ತಿತ್ತು. ಬೆಂಗಳೂರಿನಲ್ಲಿ ಪೊಲೀಸರ ಕೈಗೆ ಸಿಕ್ಕವರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದಲೇ ಪತ್ರಗಳನ್ನು ಇಳಿಸಿಕೊಂಡು, ಅವುಗಳೊಳಗಿನ ಹೆಬ್ಬೆಟ್ಟಿನಿಂದ ನಕಲಿ ಅಚ್ಚು ಮಾಡಿಕೊಂಡಿದ್ದರು. ಬೆರಳಚ್ಚನ್ನು ಮರೆಮಾಡಬೇಕೆಂಬುದು ಸರ್ಕಾರಕ್ಕೆ ಹೊಳೆದದ್ದು ಆಮೇಲೆ.

ಈಗ ತಾವೇ ಹೇಳಿ. ಉಪನೋಂದಣಾಧಿಕಾರಿಯ ಎದುರು ನಿಂತು, ‘ಸ್ವಾಮಿ, ನಾನು ಸಾಮಾನ್ಯ ವಿವೇಚನೆ ಬಳಸುತ್ತಿದ್ದೇನೆ, ಹೆಬ್ಬೆಟ್ಟು ಒತ್ತುವುದಿಲ್ಲ’ ಎಂದಿದ್ದರೆ ಮೂವತ್ತು–ನಲವತ್ತರ ಸೈಟು ನಮ್ಮ ಹೆಸರಿಗೆ ಆಗುತ್ತಿತ್ತೇ? ಪಾಸ್‌ವರ್ಡ್ ಕಳುವಾದರೆ ಹೊಸದು ಇಟ್ಟುಕೊಳ್ಳಬಹುದು. ಬೆರಳು ಹಾಗಲ್ಲ, ಹುಟ್ಟುವಾಗ ಬಂದ ಹತ್ತರಲ್ಲೇ ಕೊನೆತನಕ ಕಾಲ ತಳ್ಳಬೇಕು.

ನಮ್ಮೂರಿಗೆ ಈ ಜಗಳ ಹೊಸದೇನಲ್ಲ. ಆಧಾರ್ ಕಟ್ಟಿದ ನಂದನ್ ನಿಲೇಕಣಿ ಬೆಂಗಳೂರಿನವರು. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಕೆ.ಎಸ್. ಪುಟ್ಟಸ್ವಾಮಿಯವರೂ ಇದೇ ಊರಿನಲ್ಲಿದ್ದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷದ ತೀರ್ಪು, ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ ಕಲಮಿಗೆ ಕತ್ತರಿ ಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಬಳಿ ಎಲ್ಲದರ ಜೆರಾಕ್ಸ್ ಕೇಳುತ್ತಾರೆ. ಆ ತೀರ್ಪಿನದೊಂದನ್ನು ಮಾತ್ರ ಇನ್ನೂ ಯಾರೂ ಕೇಳಿಲ್ಲ.

ತಾವು ಸಿಗದ ಕಾರಣ ತಮ್ಮ ಕೆಲಸವನ್ನು ನಾವೇ ಹಂಚಿಕೊಂಡಿದ್ದೇವೆ. ಆಧಾರ್ ಆ್ಯಪಿನಲ್ಲಿ ಮನೆಮಂದಿಯ ಬೆರಳಚ್ಚಿಗೆಲ್ಲ ಬೀಗ ಹಾಕಿದ್ದೇವೆ. ರೇಷನ್ ತರುವ ದಿನ ಅಜ್ಜಿ ಚೀಲ ಹಿಡಿದು ನಿಂತು, ‘ನನ್ ಬೆಟ್ಟಿನ ಬೀಗ ತೆಗ್ಯಪ್ಪ’ ಅನ್ನುತ್ತಾರೆ. ಮೊಮ್ಮಗ ತೆಗೆದುಕೊಡುತ್ತಾನೆ, ಬಂದ ಮೇಲೆ ಮತ್ತೆ ಹಾಕುತ್ತಾನೆ. ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆ, ಯಾವ ತಾರೀಕಿಗೆ ಎಂದು ಮುಖದ ಪಕ್ಕದಲ್ಲೇ ಅಡ್ಡಲಾಗಿ ಬರೆದು ಸಹಿ ಹಾಕುತ್ತೇವೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡಾಡುತ್ತಿವೆ ಎಂದು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡುತ್ತೇವೆ. ನಾವು ಮಾಡದ ಸಾಲ ನಮ್ಮ ಹೆಸರಿನಲ್ಲಿದೆಯೇ ಎಂದು ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಕ್ರೆಡಿಟ್ ವರದಿ ತರಿಸುತ್ತೇವೆ. ಹಣ ಹೋದರೆ ಅಳುವುದಕ್ಕೆ ಮುಂಚೆ ಸೈಬರ್ ಸಹಾಯವಾಣಿ 1930ಕ್ಕೆ ಫೋನು, ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿ ಹೋದ ಹಣದ ಬಗ್ಗೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಇಷ್ಟೆಲ್ಲ ಮಾಡಿದರೆ ಉಳಿದ ಹೊತ್ತಿನಲ್ಲಿ ಸಂಸಾರವನ್ನೂ ನೋಡಿಕೊಳ್ಳಬಹುದು.

ನಮ್ಮ ಕೋರಿಕೆ ಒಂದೇ. ಇಲ್ಲಿಯವರೆಗೆ ತಮ್ಮನ್ನು ಕೊಡುವವರ ಬೆನ್ನಿಗೇ ಕಾವಲು ಹಾಕಿದ್ದಾರೆ. ದಯವಿಟ್ಟು ಕೌಂಟರಿನ ಆಚೆಗೊಮ್ಮೆ ಹೋಗಿ. ಈ ಪ್ರತಿ ಏಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾವಾಗ ಹರಿದು ಹಾಕುತ್ತೀರಿ ಎಂದು ತೆಗೆದುಕೊಳ್ಳುವವರನ್ನು ಕೇಳಿ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕೆಂದು 2023ರಲ್ಲಿ ಕಾಯ್ದೆಯೇನೋ ಬಂದಿದೆ. ಆದರೆ ಅದು ಡಿಜಿಟಲ್ ಮಾಹಿತಿಯ ಕಾಯ್ದೆ. ರಟ್ಟಿನ ಡಬ್ಬದೊಳಗಿನ ಕಾಗದ ಅದರ ಕೈಗೆ ಸಿಗುವುದಿಲ್ಲ. ಆ ಡಬ್ಬವನ್ನಾದರೂ ತಾವು ವಹಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,
××××××ಪ್ಪ
ನಾಯಂಡಹಳ್ಳಿ

ವಿ.ಸೂ.: ಹೆಸರಿನ ಉಳಿದ ಅಕ್ಷರಗಳು ಬೇಕಿದ್ದರೆ ಯಾವ ಕೆಲಸಕ್ಕೆಂದು ಬರವಣಿಗೆಯಲ್ಲಿ ತಿಳಿಸಿ.