ಬೆಳಕು ಕಂಡ ಮಹನೀಯರು

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಅಲ್ಲಿ ರಾತ್ರಿಯ ಆಕಾಶದಲ್ಲಿ ಒಮ್ಮೆ ಬೆಳಕು ಕಂಡ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ತಿಪಟೂರು, ಅರಸೀಕೆರೆ, ಕಡೂರಿನಂಥ ರೈಲುಹಾದಿಯ ಊರುಗಳಲ್ಲಿ, ರಾತ್ರಿ ಗಾಡಿಗೆ ಕಾಯುತ್ತಾ ಮೇಲೆ ನೋಡುವವರು ಹೆಚ್ಚಾಗಿರುವುದರಿಂದಲೋ ಏನೋ, ಇಬ್ಬರು ಮೂವರು ಸಿಗುವುದೂ ಉಂಟು. ಈ ವರ್ಗದವರನ್ನು ಅನುಕೂಲಕ್ಕಾಗಿ ‘ಜ್ಯೋತಿದರ್ಶಿ’ ಎಂದು ಕರೆಯಬಹುದು. ಜ್ಯೋತಿದರ್ಶಿ ಜ್ಯೋತಿಷಿಯಲ್ಲ, ಖಗೋಳಶಾಸ್ತ್ರಜ್ಞನೂ ಅಲ್ಲ. ಜ್ಯೋತಿಷಿ ಆಕಾಶವನ್ನು ನೋಡದೆಯೇ ಅದರ ವಿಷಯ ಹೇಳುತ್ತಾನೆ, ಖಗೋಳಶಾಸ್ತ್ರಜ್ಞ ದಿನವೂ ನೋಡಿ, ಲೆಕ್ಕ ಹಾಕಿ, ಆಮೇಲೆ ಅಳುಕುತ್ತಾ ಹೇಳುತ್ತಾನೆ, ಜ್ಯೋತಿದರ್ಶಿಯಾದರೋ ಜೀವಮಾನದಲ್ಲಿ ಒಂದೇ ಒಂದು ಸಲ ನೋಡಿ ಉಳಿದ ಜೀವಮಾನವನ್ನೆಲ್ಲ ಹೇಳುವುದರಲ್ಲಿ ಕಳೆಯುತ್ತಾನೆ.

ಇವನ ಪೂರ್ವಜರು ನೆಲದ ಮೇಲಿನ ಬೆಳಕನ್ನು ಕಾಣುತ್ತಿದ್ದರು. ಹಳ್ಳಿಗಳಿಗೆ ಕರೆಂಟು ಬರುವ ಮುಂಚೆ ಈ ಸ್ಥಾನದಲ್ಲಿದ್ದವರು ಕೊಳ್ಳಿದೆವ್ವ ಕಂಡವರು. ಕೊಳ್ಳಿದೆವ್ವವೆಂದರೆ ಕತ್ತಲಲ್ಲಿ ಗದ್ದೆಯಾಚೆಗೋ ಕೆರೆಯಂಗಳದಲ್ಲೋ ಯಾರೋ ಕೊಳ್ಳಿ ಹಿಡಿದು ಹೊರಟಂತೆ ಉರಿದು, ಆರಿ, ಮತ್ತೊಂದು ಕಡೆ ಹೊತ್ತಿಕೊಳ್ಳುವ ಬೆಂಕಿ, ಅದನ್ನು ಕಂಡವನು ಜ್ವರ ಬಂದು ಮಲಗುವುದು ಸಂಪ್ರದಾಯ. ಬೀದಿಬೀದಿಗೆ ದೀಪದ ಕಂಬ ಬಂದ ಮೇಲೆ ಕೊಳ್ಳಿದೆವ್ವಕ್ಕೆ ಊರಲ್ಲಿ ಕೆಲಸವಿಲ್ಲದಂತಾಗಿ ಅದಕ್ಕೆ ಆಕಾಶಕ್ಕೆ ವರ್ಗವಾಯಿತೆಂದು ತೋರುತ್ತದೆ. ಆ ವೇಳೆಗೆ ಅಮೆರಿಕದಲ್ಲಿ, 1947ರ ಜೂನ್ 24ರಂದು, ಕೆನೆತ್ ಅರ್ನಾಲ್ಡ್ ಎಂಬ ವಿಮಾನಚಾಲಕ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದು ಹೇಳಿ, ಪತ್ರಿಕೆಗಳು ಅವಕ್ಕೆ ಹಾರುವ ತಟ್ಟೆಗಳೆಂದು ನಾಮಕರಣ ಮಾಡಿ ಆಗಿತ್ತು. ಆ ತಟ್ಟೆಗಳು ಕಾಲಕ್ರಮದಲ್ಲಿ ಕನ್ನಡ ವಾರಪತ್ರಿಕೆಗಳಿಗೂ ಇಳಿದುವು. ಕಂಡವನಿಗೆ ಜ್ವರ ಬರುವ ಪದ್ಧತಿ ಮಾತ್ರ ನಿಂತುಹೋಯಿತು. ಈಗ ಮಾತು ಬರುತ್ತದೆ.

ಜ್ಯೋತಿದರ್ಶಿಗೆ ದರ್ಶನವಾಗುವ ಸಂದರ್ಭಗಳು ಬಹಳವಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟನ್ನು ರಾತ್ರಿ ಹೊತ್ತು ಕೊಡುವ ಕಡೆಗಳಲ್ಲಿ ಮೋಟಾರು ಹಾಕಲು ತೋಟಕ್ಕೆ ಹೋದಾಗ, ಬೇಸಿಗೆಯಲ್ಲಿ ಕರೆಂಟು ಹೋಗಿ ತಾರಸಿಯ ಮೇಲೆ ಚಾಪೆ ಹಾಸಿದಾಗ, ಇಲ್ಲವೇ ಮದುವೆಮನೆಯಿಂದ ತಡವಾಗಿ ಬೈಕಿನಲ್ಲಿ ಮರಳುವಾಗ ಬೆಳಕು ಕಾಣಿಸಿಕೊಳ್ಳುತ್ತದೆ. ಕಂಡದ್ದು ಏನೆಂದು ಕೇಳಿದರೆ ಅವನು ಮೊದಲು ಗಾತ್ರ ಹೇಳುತ್ತಾನೆ: ತೆಂಗಿನ ಸೀಮೆಯವನಾದರೆ ಕೊಬ್ಬರಿ ಗಿಟುಕಿನಷ್ಟು, ಭತ್ತದ ಸೀಮೆಯವನಾದರೆ ಮೊರದಗಲ. ಅನಂತರ ಎತ್ತರ, ‘ಅಬ್ಬಬ್ಬಾ ಅಂದರೆ ಐನೂರು ಅಡಿ’. ಆಮೇಲೆ ವೇಗ. ಕತ್ತಲ ಆಕಾಶದಲ್ಲಿ ಒಂಟಿಯಾಗಿ ಹೊಳೆಯುವ ಒಂದು ಚುಕ್ಕೆಯ ವಿಷಯದಲ್ಲಿ ಗಾತ್ರ, ದೂರ, ವೇಗ ಈ ಮೂರರಲ್ಲಿ ಒಂದು ಬೇರೆ ದಾರಿಯಿಂದ ತಿಳಿಯದ ಹೊರತು ಉಳಿದೆರಡನ್ನು ಹೇಳಲಾಗುವುದಿಲ್ಲವೆಂಬುದು ಭೌತಶಾಸ್ತ್ರದ ಮಾತು. ಹತ್ತಿರದ ಮಿಣುಕುಹುಳುವೂ ದೂರದ ಗ್ರಹವೂ ಕಣ್ಣಿಗೆ ಒಂದೇ ಸಮನಾದ ಚುಕ್ಕೆಗಳಾಗಬಲ್ಲವು. ಜ್ಯೋತಿದರ್ಶಿಗೆ ಮೂರೂ ಗೊತ್ತು, ನಾಲ್ಕನೆಯದಾಗಿ ಅದರ ಉದ್ದೇಶವೂ ಗೊತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಅವನು ಸುಳ್ಳುಗಾರನೆಂದು ತಿಳಿಯಬಾರದು, ಏಕೆಂದರೆ ಅವನು ಏನನ್ನೋ ನೋಡಿರುವುದು ಸತ್ಯ, ಅದು ಅಲುಗಾಡಿದಂತೆ ಕಂಡದ್ದೂ ಸತ್ಯ. ಸುತ್ತ ಮರವಾಗಲಿ ಗೋಪುರವಾಗಲಿ ಗುರುತಿಗೆ ಇಲ್ಲದ ಕತ್ತಲಲ್ಲಿ ನಿಂತ ಬೆಳಕನ್ನು ಎವೆಯಿಕ್ಕದೆ ನೋಡಿದರೆ ಅದು ಅತ್ತಿತ್ತ ತೇಲಿದಂತೆ ತೋರುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಸ್ವಯಂಚಲನಾಭಾಸ, ಅಂದರೆ ಚಲಿಸದ್ದು ತಾನಾಗಿ ಚಲಿಸಿದಂತೆ ಕಾಣುವ ಭ್ರಮೆ, ಎಂದು ವಿವರಿಸುತ್ತಾರೆ. ದಿಗಂತದ ಬಳಿಯ ಲುಬ್ಧಕ ನಕ್ಷತ್ರವು, ತನ್ನ ಬೆಳಕು ದಪ್ಪನೆಯ ವಾಯುಪದರವನ್ನು ಹಾದು ಬರುವುದರಿಂದ, ಕೆಂಪು ಹಸಿರು ನೀಲಿಯಾಗಿ ಮಿಟುಕುವುದೂ ಉಂಟು. ಆದ್ದರಿಂದ ಮೊದಲ ರಾತ್ರಿಯ ಹೇಳಿಕೆ ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ ಇರುತ್ತದೆ: ಸಂಜೆ ಏಳೂವರೆಗೆ, ಪಡುವಣದಲ್ಲಿ, ಬಹಳ ಪ್ರಕಾಶವಾದದ್ದೊಂದು ಕಂಡಿತು. ಅಲ್ಲಿಗೆ ಬಿಟ್ಟಿದ್ದರೆ ವಾರದೊಳಗೆ ಮರೆತುಹೋಗುತ್ತಿತ್ತು. ಅದು ಮರೆಯದಂತೆ ನೋಡಿಕೊಂಡವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

ಮೇಷ್ಟ್ರು ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾ ಅದು ಶುಕ್ರಗ್ರಹವೆಂದು, ಹಳ್ಳಿಯವರು ಬೆಳ್ಳಿ ಎನ್ನುವುದು ಅದನ್ನೇ ಎಂದು, ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅದಕ್ಕಿಂತ ಬೆಳಗುವ ನಕ್ಷತ್ರ, ಗ್ರಹ ಯಾವುದೂ ಇಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ, ಶುಕ್ರ ಭೂಮಿಗಿಂತ ಸೂರ್ಯನಿಗೆ ಹತ್ತಿರವಿರುವ ಕಾರಣ ಇಲ್ಲಿಂದ ನೋಡುವವರಿಗೆ ಸೂರ್ಯನಿಂದ ಸುಮಾರು 47 ಡಿಗ್ರಿ ದಾಟಿ ಹೋಗಲಾರ, ಹಾಗಾಗಿ ಸಂಜೆಯ ಕೆಲವು ಗಂಟೆ ಇಲ್ಲವೇ ಬೆಳಗಿನ ಜಾವ ಕಾಣುತ್ತಾನೆಯೇ ಹೊರತು ಈ ಸೀಮೆಯಲ್ಲಿ ನಡುರಾತ್ರಿ ಎಂದೂ ಕಾಣುವುದಿಲ್ಲ ಎಂದೂ ಸೇರಿಸುತ್ತಾರೆ. ಮೇಷ್ಟ್ರ ಪಾಂಡಿತ್ಯ ಎಡವುವುದು ಇಲ್ಲಿಯೇ. ಮರುದಿನ ಕ್ಷೌರದಂಗಡಿಯಲ್ಲಿ ಅದೇ ಬೆಳಕು ರಾತ್ರಿ ಹನ್ನೆರಡು ಗಂಟೆಗೆ, ನೆತ್ತಿಯ ಮೇಲೆ ಕಂಡಿರುತ್ತದೆ. ಹಾಗಾದರೆ ವಿಮಾನವಿರಬೇಕು, ರೆಕ್ಕೆಗೆ ಕೆಂಪು ಹಸಿರು ದೀಪವಿರುತ್ತದೆ, ಸ್ವಲ್ಪ ಹೊತ್ತಿಗೆ ಸದ್ದೂ ಕೇಳುತ್ತದೆ ಎಂದು ಮೇಷ್ಟ್ರು ಹೇಳಿದರೆ, ಬೆಳಕಿನಿಂದ ಬಣ್ಣ ಹೋಗಿ ಅದು ಬಿಳಿಯಾಗುತ್ತದೆ, ಸದ್ದಂತೂ ಪೂರ್ತಿ ಅಡಗುತ್ತದೆ, ‘ತೋಟದ ಕಪ್ಪೆಗಳೂ ಗಪ್‌ಚಿಪ್’ ಎಂಬ ಪೂರಕ ಸಾಕ್ಷ್ಯವೂ ಹುಟ್ಟುತ್ತದೆ. ಉಲ್ಕೆ ಇರಬಹುದೆಂದು, ಉಲ್ಕೆಯೆಂದರೆ ವಾಯುಮಂಡಲಕ್ಕೆ ಹೊಕ್ಕು ಕೆಲವು ಕ್ಷಣ ಉರಿದು ಮುಗಿಯುವ ಕಲ್ಲಿನ ಚೂರೆಂದು ವಿವರಿಸಿದರೆ, ಬೆಳಕು ಕಾಲು ಗಂಟೆ ನಿಲ್ಲುವುದನ್ನು ಕಲಿಯುತ್ತದೆ. ಕೊನೆಗೆ ಮೇಷ್ಟ್ರು, ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಒಂದೂವರೆ ಗಂಟೆಗೊಮ್ಮೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸ್ವಂತ ದೀಪದಿಂದಲ್ಲ, ಬಿಸಿಲಿನಿಂದ ಹೊಳೆಯುತ್ತಾ, ಸದ್ದಿಲ್ಲದೆ, ಮಿಟುಕದೆ, ನೇರವಾಗಿ ಸಾಗಿ, ಭೂಮಿಯ ನೆರಳನ್ನು ಹೊಕ್ಕ ಕೂಡಲೇ ಮಾಯವಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆಯುವವರಂತೆ ಮೇಜಿನ ಮೇಲೆ ಕಾಫಿಯಲ್ಲಿ ಬೆರಳದ್ದಿ ಬರೆದು ತೋರಿಸುತ್ತಾರೆ. ಜ್ಯೋತಿದರ್ಶಿ ಚಿತ್ರವನ್ನು ಗಮನವಿಟ್ಟು ನೋಡಿ, ತಲೆದೂಗಿ, ‘ನೇರವಾಗಿ ಅಂದಿರಲ್ಲ ಮೇಷ್ಟ್ರೇ, ಇದು ಗಕ್ಕನೆ ಎಡಕ್ಕೆ ತಿರುಗಿತು’ ಎನ್ನುತ್ತಾನೆ.

ಹೀಗೆ ಆ ಬೆಳಕಿನ ಈಗಿನ ಸ್ವರೂಪವನ್ನು ಕಟ್ಟಿದವನು ಜ್ಯೋತಿದರ್ಶಿಯೊಬ್ಬನೇ ಅಲ್ಲ, ಅರ್ಧಕ್ಕಿಂತ ಹೆಚ್ಚು ಶ್ರಮ ಮೇಷ್ಟ್ರದು. ಅವರು ಅಷ್ಟು ಓದಿಕೊಂಡಿರದಿದ್ದರೆ ಅದು ಇಂದಿಗೂ ಪಡುವಣದ ಬೆಳ್ಳಿಯಾಗಿಯೇ ಇರುತ್ತಿತ್ತು.

ಜ್ಯೋತಿದರ್ಶಿಗೆ ತಾನು ಕಂಡದ್ದು ಶುಕ್ರನೆಂಬ ಮಾತು ಅವಮಾನವೆನಿಸುವುದು ಸಹಜವಾದರೂ, ಆ ತಪ್ಪಿನಲ್ಲಿ ಅವನಿಗೆ ಬಹಳ ಗೌರವಸ್ಥರ ಜೊತೆಯಿದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಚೀನಾ ಗಡಿಯಲ್ಲಿ ಭಾರತೀಯ ಸೇನೆಯವರು 329 ಸಲ ಬೆಳಕಿನ ವಸ್ತುಗಳನ್ನು ಕಂಡು, ಬೇಹಿಗೆ ಬಂದ ಡ್ರೋನುಗಳೆಂದು, ಅಂದರೆ ಚಾಲಕನಿಲ್ಲದ ಸಣ್ಣ ವಿಮಾನಗಳೆಂದು ಶಂಕಿಸಿದ್ದರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. ಸೇನೆಯವರು ಆ ಉತ್ತರ ಕೇಳಿ, ತಾವು ಕಂಡದ್ದು ಗಕ್ಕನೆ ಎಡಕ್ಕೆ ತಿರುಗಿತೆಂದು ವಾದಿಸಿದ ವರದಿ ಇಲ್ಲ. ಸೈನಿಕನಿಗೂ ಜ್ಯೋತಿದರ್ಶಿಗೂ ಇರುವ ವ್ಯತ್ಯಾಸ ಇಷ್ಟೇ: ಮೊದಲಿನವನಿಗೆ ಅದು ಏನೂ ಅಲ್ಲವೆಂದಾದರೆ ನೆಮ್ಮದಿ.

ಸಾಕ್ಷ್ಯದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವೊಂದಿರುತ್ತದೆ, ಕಪ್ಪು ಪರದೆಯ ನಡುವೆ ಒಂದು ಬಿಳಿ ಚುಕ್ಕೆ. ನೋಡುವವರು ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಅದು ದೊಡ್ಡ ಬಿಳಿ ಚುಕ್ಕೆಯಾಗುತ್ತದೆ. ಪ್ರತ್ಯಕ್ಷ ಸಾಕ್ಷಿಯಾಗಿ ಹೆಂಡತಿ ಇರುತ್ತಾಳೆ, ಆದರೆ ಅವಳನ್ನು ಕರೆಸುವುದು ಕ್ಷೇಮವಲ್ಲ, ಏಕೆಂದರೆ ‘ಅಯ್ಯೋ, ಅದು ಮೊಬೈಲ್ ಟವರಿನ ಲೈಟು ಕಣ್ರೀ ಅಂತ ಅವತ್ತೇ ಹೇಳ್ದೆ’ ಎಂಬ ಅವಳ ಮಾತನ್ನು ತಡೆಯಲು ಯಾವ ಶಾಸ್ತ್ರದಲ್ಲೂ ಉಪಾಯವಿಲ್ಲ. ಮೇಷ್ಟ್ರ ವಾದಗಳನ್ನೆಲ್ಲ ಜಯಿಸಿದ ಬೆಳಕು ಈ ಒಂದು ವಾಕ್ಯದ ಮುಂದೆ ಮಾತ್ರ ಎಡಕ್ಕೂ ತಿರುಗದೆ ನಿಂತುಬಿಡುತ್ತದೆ.

ಈ ವರ್ಗಕ್ಕೆ ನಿಜವಾದ ವಿಪತ್ತು ಬಂದದ್ದು 2019ರ ಮೇ ತಿಂಗಳ ಈಚೆಗೆ. ಸ್ಪೇಸ್‌ಎಕ್ಸ್ ಕಂಪನಿಯು ಇಂಟರ್ನೆಟ್ ಸೇವೆಗಾಗಿ ಸ್ಟಾರ್‌ಲಿಂಕ್ ಎಂಬ ಉಪಗ್ರಹಗಳನ್ನು ಒಮ್ಮೆಗೆ 60ರಂತೆ ಹಾರಿಸತೊಡಗಿದ ಮೇಲೆ, ಉಡಾವಣೆಯಾದ ಮೊದಲ ಕೆಲವು ದಿನ ಅವು ಇನ್ನೂ ಚದುರದೆ, ಒಂದರ ಹಿಂದೊಂದು ಸಾಲಾಗಿ, ಕತ್ತಲಾದ ಸ್ವಲ್ಪ ಹೊತ್ತಿಗೆ ಊರ ಮೇಲೆಯೇ ಹಾದು ಹೋಗಲಾರಂಭಿಸಿ, ಯಾರು ಬೇಕಾದರೂ ಬೆಳಕು ಕಾಣುವಂತಾಯಿತು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶಗಳಲ್ಲಿ ಅಸಂಖ್ಯ ಜನ ಬೆಂಕಿಯ ಗೆರೆಗಳನ್ನು ಕಂಡರು. ಅದು ಚೀನಾದ ರಾಕೆಟ್ಟೊಂದರ ಉಳಿಕೆ ವಾಯುಮಂಡಲಕ್ಕೆ ಮರಳಿ ಉರಿದದ್ದೆಂದು ತಜ್ಞರು ಹೇಳಿದರು, ಚಂದ್ರಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೊಂದು ಬಿದ್ದು ಅದರ ಫೋಟೋ ಕೂಡ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 15ರ ಸಂಜೆ ಅಗ್ನಿ-5 ಕ್ಷಿಪಣಿಯ ಪರೀಕ್ಷೆಯಾದಾಗ ಪಶ್ಚಿಮ ಬಂಗಾಳದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ರಾಜ್ಯಕ್ಕೆ ರಾಜ್ಯವೇ ಕಂಡು, ಮರುದಿನವೇ ವಿವರಣೆಯೂ ಸಿಕ್ಕಿಬಿಡುವ ಬೆಳಕಿನಿಂದ ಯಾವ ಒಬ್ಬ ಮನುಷ್ಯನಿಗಾದರೂ ಊರಿನಲ್ಲಿ ಏನು ಮರ್ಯಾದೆ ಉಳಿದೀತು?

ಆದ್ದರಿಂದಲೇ ಇತ್ತೀಚಿನ ಜ್ಯೋತಿದರ್ಶಿಗಳಲ್ಲಿ ಹೊಸ ಗುಣವೊಂದು ಕಾಣಿಸಿಕೊಂಡಿದೆ. ಕಟ್ಟೆಯ ಮೇಲೆ ಯಾವನಾದರೂ ಹುಡುಗ ಬಂದು, ನಿನ್ನೆ ರಾತ್ರಿ ಬೈಪಾಸಿನ ಹತ್ತಿರ ವಿಚಿತ್ರವಾದ ಬೆಳಕು ನೋಡಿದೆನೆಂದು ಉಸಿರುಗಟ್ಟಿ ಹೇಳಲಾರಂಭಿಸಿದರೆ, ಹಿರಿಯನಾದ ಜ್ಯೋತಿದರ್ಶಿ ಎಲೆಯಡಿಕೆ ಉಗುಳಿ ಬಂದು, ಎಷ್ಟು ಗಂಟೆ, ಯಾವ ದಿಕ್ಕು, ಮಿಟುಕಿತೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸಿ, 47 ಡಿಗ್ರಿಯ ಲೆಕ್ಕವನ್ನೂ ಭೂಮಿಯ ನೆರಳಿನ ವಿಷಯವನ್ನೂ ಮೇಷ್ಟ್ರಿಗಿಂತ ಅಚ್ಚುಕಟ್ಟಾಗಿ ವಿವರಿಸಿ, ‘ಶುಕ್ರ ಕಣಪ್ಪಾ ಅದು, ನಿಮ್ಮ ಸ್ಕೂಲಲ್ಲಿ ಇದನ್ನೂ ಹೇಳ್ಕೊಡಲ್ವಾ’ ಎಂದು ಗದರುತ್ತಾನೆ. ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ, ಅದು ಸ್ವಲ್ಪ ಎಡಕ್ಕೆ ತಿರುಗಿದ ಹಾಗಿತ್ತು ಎನ್ನುತ್ತಾನೆ.